ಮಾಮಿ, ನಾನು ಮತ್ತು ಥಾಯ್ಲೆಂಡಿನ ಹ್ಯಾಂಡಲ್

ಅಲೆವೂರು

ಬೈಕು ಮಾರುವುದೆಂದು ತೀರ್ಮಾನವಾದ ಮೇಲೆಯೇ ನಾವು ಥಾಯ್ಲೆಂಡಿಗೆ ಹೊರಟದ್ದು. ಪಡುಬಿದ್ರಿಯಿಂದ ಒಬ್ಬರು ಬಂದು, ನಮ್ಮ ಅಂಗಳದಲ್ಲಿ ಅದನ್ನು ಎರಡು ಸುತ್ತು ಓಡಿಸಿ, "ನೀವು ತಿರುಗಾಟ ಮುಗಿಸಿ ಬನ್ನಿ ಮೇಡಂ, ಮತ್ತೆ ತೆಗೆದುಕೊಂಡು ಹೋಗುತ್ತೇನೆ" ಎಂದು ಹೇಳಿ ಹೋಗಿದ್ದರು. ಅವರು ಗೇಟು ದಾಟುವವರೆಗೆ ನಗುತ್ತಾ ನಿಂತಿದ್ದೆ. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದೆ.

ನಾನು ಮಣಿಪಾಲದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಬೆಳಗ್ಗಿನಿಂದ ಸಂಜೆಯವರೆಗೆ ಬೇರೆಯವರ ಕೈ ಹಿಡಿದು ರಕ್ತ ತೆಗೆಯುವುದೇ ಉದ್ಯೋಗ. ಬೈಕು ಕಲಿತದ್ದು ನಲವತ್ತು ದಾಟಿದ ಮೇಲೆ. ಸ್ಕೂಟರಿಗೆ ಇಲ್ಲದ ಒಂದು ಗತ್ತು ಅದಕ್ಕುಂಟು. ಗೇರು ಹಾಕಿ ಎಳೆದಾಗ ಹೊಟ್ಟೆಯೊಳಗೆ ಯಾರೋ ಕಚಗುಳಿ ಇಟ್ಟ ಹಾಗಾಗುತ್ತದೆ. ಆದರೆ ಅಲೆವೂರಿನ ನಮ್ಮ ಮನೆಯಿಂದ ಹೊರಟು ಕಾರ್ಕಳ ಮುಟ್ಟುವಷ್ಟರಲ್ಲಿ ಎರಡೂ ಅಂಗೈ ಜೋಮು ಹಿಡಿದು, ಬೆರಳುಗಳು ನನ್ನವೇ ಅಲ್ಲವೇನೋ ಎನಿಸತೊಡಗಿತು. ಎಲುಬಿನ ಡಾಕ್ಟರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕೈ ಮುಂದಕ್ಕೆ ಚಾಚಿಸಿ ನೋಡಿ ನಕ್ಕರು. "ನಿಮ್ಮ ಕೈ ಗಿಡ್ಡ, ಹ್ಯಾಂಡಲ್ ದೂರ. ಬಗ್ಗಿ ಬಗ್ಗಿ ಮೈಯ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಹ್ಯಾಂಡಲ್ ಬದಲಾಯಿಸಿ. ಇಲ್ಲವಾ, ಬೈಕ್ ಬಿಡಿ."

ಬದಲಾಯಿಸಿದೆ. ಉಡುಪಿಯಲ್ಲಿ ಎತ್ತರದ ಹ್ಯಾಂಡಲ್ ಹಾಕಿಸಿದರೆ ಹೆಗಲು ಸೋತಿತು. ಮಣಿಪಾಲದ ಕಾಲೇಜು ಹುಡುಗರು ಮೆಚ್ಚುವಂಥ ಚಪ್ಪಟೆ ಹ್ಯಾಂಡಲ್ ಹಾಕಿಸಿದರೆ ಸೊಂಟ ಹೋಯಿತು. ಕೊನೆಗೆ ಕಂಪನಿಯದ್ದನ್ನೇ ತಿರುಗಿ ಹಾಕಿಸಿದೆ. ಜೋಮೂ ತಿರುಗಿ ಬಂತು.

"ಸೂಜಿ ಹಿಡಿಯುವ ಕೈ ಮಾರಾಯ್ತಿ," ಎಂದರು ನನ್ನ ಗಂಡ ಹರೀಶ. "ಅದು ನಡುಗಿದರೆ ಎಂತ ಮಾಡುವುದು? ಬೈಕು ಸಾಕು." ಅವರ ಮಾತಿನಲ್ಲಿ ತಪ್ಪು ಹುಡುಕಲು ಬಹಳ ಪ್ರಯತ್ನಪಟ್ಟೆ. ಸಿಗಲಿಲ್ಲ.

ಹಾಗಾಗಿ ಇದು ನನ್ನ ಕೊನೆಯ ಸವಾರಿ ಆಗಬೇಕಿತ್ತು. ಥಾಯ್ಲೆಂಡಿನ ಉತ್ತರದ ಬೆಟ್ಟಗಳಲ್ಲಿ ಬಾಡಿಗೆಯ ಬೈಕು, ನಾನು ಮುಂದೆ, ಹರೀಶ ಹಿಂದೆ ಕುಳಿತು ಫೋಟೊ ತೆಗೆಯುವುದು. ಹೊರಡುವ ವಾರವೇ ಅವರು ಊರಿನ ಹಿರಿಯರ ವಾಲಿಬಾಲ್ ಪಂದ್ಯದಲ್ಲಿ ಚೆಂಡಿಗಿಂತ ಎತ್ತರಕ್ಕೆ ಹಾರಿ ಪಾದ ಉಳುಕಿಸಿಕೊಂಡರು. "ಕ್ಯಾನ್ಸಲ್ ಮಾಡುವ" ಎಂದು ನಾನು ಹೇಳುತ್ತಿರುವಾಗ ಅಡುಗೆಮನೆಯಿಂದ ಮಾಮಿ ಹೊರಗೆ ಬಂದರು. ನಮ್ಮ ತುಳುವಿನಲ್ಲಿ ಗಂಡನ ಅಮ್ಮ ಮಾಮಿ. ಇವರು ಕಾರ್ಕಳದ ಕಡೆಯ ಬೇಸಾಯದ ಮನೆಯಲ್ಲಿ ಕಂಬಳದ ಕೋಣಗಳ ನಡುವೆ ಬೆಳೆದವರು. ಅರುವತ್ತಾರು ವರ್ಷ, ಗಟ್ಟಿ ಗಂಟಲು.

"ನನ್ನ ಪಾಸ್‌ಪೋರ್ಟ್ ಉಂಟಲ್ಲ," ಎಂದರು. ಮಸ್ಕತ್ತಿನಲ್ಲಿರುವ ಮಗಳ ಬಾಣಂತನಕ್ಕೆಂದು ಮಾಡಿಸಿದ್ದು.

"ಮಾಮಿ, ಬೈಕಿನಲ್ಲಿ ಹಿಂದೆ ಕೂರಬೇಕು."

"ಮತ್ತೆ? ನಾನು ಮುಂದೆ ಕೂರುತ್ತೇನೆ ಅಂದೆನಾ?"

ಹರೀಶ ಕಾಲಿಗೆ ಐಸ್ ಇಟ್ಟುಕೊಂಡೇ ಬಾಯಿ ಬಿಟ್ಟು ನೋಡಿದರು. ನಾನು ಬೈಕು ಕಲಿತ ಮೇಲೆ ಮಾಮಿ ಒಮ್ಮೆಯೂ ಅದನ್ನು ಹತ್ತಿದವರಲ್ಲ. ಕಾಪುವಿಗೆ ಹೋಗುವುದಿದ್ದರೂ "ಊರಿನವರು ನೋಡುತ್ತಾರೆ" ಎಂದು ಬಸ್ಸಿಗೆ ಕಾಯುವವರು. ಆದರೆ ಥಾಯ್ಲೆಂಡಿನಲ್ಲಿ ಊರಿನವರು ಇಲ್ಲವಲ್ಲ.

ಚಿಯಾಂಗ್ ಮೈ

ಚಿಯಾಂಗ್ ಮೈಯಲ್ಲಿ ನನ್ನನ್ನು ಮೊದಲು ಕಂಗೆಡಿಸಿದ್ದು ಮೌನ. ಇಷ್ಟು ವಾಹನಗಳು, ಒಂದೂ ಹಾರನ್ ಇಲ್ಲ! ಉಡುಪಿ-ಮಂಗಳೂರು ದಾರಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸಿನ ಹಾರನ್ ಬೆನ್ನಿಗೆ ಬಡಿದು ಬಡಿದು ಬೆಳೆದ ನಮಗೆ ಇದೆಂಥ ರಸ್ತೆ? ಸಿಗ್ನಲಿನಲ್ಲಿ ಹಸಿರು ಬಿದ್ದರೂ ಮುಂದಿನವರು ಫೋನು ನೋಡುತ್ತಾ ನಿಂತಿದ್ದರು. ಹಿಂದಿನವರು ಸುಮ್ಮನೆ ಕಾದರು. "ಇವರಿಗೆ ಹುಷಾರಿಲ್ಲವಾ?" ಎಂದು ಮಾಮಿ ಕೇಳಿದರು.

ಎರಡನೆಯ ಸೋಜಿಗ ರೈಗಳದ್ದು, ನಮ್ಮ ಕಡೆ ಅದು ಮನೆತನದ ಹೆಸರು. ಕಾಲು ತುಳಿದವರು, ಚಿಲ್ಲರೆ ಇಲ್ಲದವರು, ತಪ್ಪು ತಿಂಡಿ ತಂದಿಟ್ಟವರು, ಎಲ್ಲರೂ ನಗುತ್ತಾ "ಮೈ ಪೆನ್ ರೈ" ಎನ್ನುತ್ತಿದ್ದರು. "ಪರವಾಗಿಲ್ಲ, ಬಿಡಿ" ಎಂದು ಅದರರ್ಥ. ಇದು ಗೊತ್ತಾಗುವ ಮೊದಲು ಮಾಮಿ ನನ್ನ ಕಿವಿಯಲ್ಲಿ, "ಯಾರು ಈ ಪೆನ್ ರೈ? ಪುತ್ತೂರಿನ ಕಡೆಯವರಾ?" ಎಂದು ವಿಚಾರಿಸಿದ್ದರು. ಆಮೇಲೆ ರಸ್ತೆಯಲ್ಲಿ ಚಿಯಾಂಗ್ ರೈ ಎಂಬ ಪಟ್ಟಣದ ಬೋರ್ಡು ಕಂಡಾಗ ಅವರ ಅನುಮಾನ ಗಟ್ಟಿಯಾಯಿತು. "ನೋಡು, ಊರನ್ನೇ ತೆಗೆದುಕೊಂಡಿದ್ದಾರೆ."

ಬೈಕು ಬಾಡಿಗೆಗೆ ಕೊಡುವಾಕೆಯ ಹೆಸರು ನೋಯ್. ಆ ಊರಿನಲ್ಲಿ ಅಕ್ಕ ಎನ್ನಲು ಹೆಸರಿನ ಮೊದಲು ಒಂದು ಶಬ್ದ ಸೇರಿಸುತ್ತಾರೆ. ಆ ಶಬ್ದ ತುಳುವಿನಲ್ಲಿ ನಾಲ್ಕು ಜನರ ಎದುರು ಹೇಳುವಂಥದ್ದಲ್ಲ. ಮಾಮಿ ಅದನ್ನು ಕೇಳಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ನಿಂತರು. ಹೆಗಲು ಮಾತ್ರ ಕುಣಿಯುತ್ತಿತ್ತು. ನಾವು ಆಕೆಯನ್ನು ನೋಯಕ್ಕ ಎಂದೇ ಕರೆದೆವು. ಆಕೆಗೂ ಅದು ಖುಷಿಯಾಯಿತು.

ನೋಯಕ್ಕನ ಶೆಡ್ಡಿನೊಳಗೆ ಹೋಗಬೇಕಾದರೆ ಚಪ್ಪಲಿ ಹೊರಗೆ ಬಿಡಬೇಕು. ಬೈಕುಗಳ ನಡುವೆ ಬರಿಗಾಲಿನಲ್ಲಿ ನಡೆಯುತ್ತಾ ಮಾಮಿ "ಮರ್ಯಾದಸ್ಥರ ಗ್ಯಾರೇಜು" ಎಂದು ಮೆಚ್ಚಿದರು. ಒಳಗೆ ಸಾಲಾಗಿ ನಿಂತ ಬೈಕುಗಳಲ್ಲಿ ಒಂದರ ಮುಂದೆ ನನ್ನ ಕಾಲು ತನ್ನಷ್ಟಕ್ಕೆ ನಿಂತಿತು. ಕಡು ಹಸಿರು ಟ್ಯಾಂಕು, ಕಂದು ಸೀಟು, ಹ್ಯಾಂಡಲ್ ಮಾತ್ರ ಕೆಳಗೆ, ಮುಂದಕ್ಕೆ, ನೆಲ ಮೂಸುವ ನಾಯಿಯ ಮೂತಿಯ ಹಾಗೆ. ಅದರ ಮೇಲೆ ಕುಳಿತು ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡೆ. ನಾನೇ ನನಗೆ ಪರಿಚಯವಾಗದಷ್ಟು ಚಂದ ಕಂಡೆ.

ನೋಯಕ್ಕ ತನ್ನ ಮಣಿಕಟ್ಟು ಹಿಡಿದು ತೋರಿಸಿ ತಲೆ ಅಲ್ಲಾಡಿಸಿದಳು. ಪಕ್ಕದ ಎತ್ತರದ ಹ್ಯಾಂಡಲ್ಲಿನ ಬೈಕು ತೋರಿಸಿದಳು. ನನಗೆ ಅರ್ಥವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೊನೆಯ ಸವಾರಿ ಅಲ್ವಾ, ಚಂದವೇ ಇರಲಿ ಎಂದುಕೊಂಡೆ. ಮಾಮಿಯೂ "ಇದೇ ಲಾಯ್ಕ ಉಂಟು" ಎಂದು ಮುದ್ರೆ ಒತ್ತಿದರು.

ಮಧ್ಯಾಹ್ನ ಮಾರುಕಟ್ಟೆಯಲ್ಲಿ ಬಿದಿರಿನ ಸಣ್ಣ ಬುಟ್ಟಿಗಳಲ್ಲಿ ನಮ್ಮ ಬಂಗುಡೆಯ ತಮ್ಮನಂಥ ಮೀನು ಕಂಡಿತು. ಬುಟ್ಟಿ ಗಿಡ್ಡವೆಂದು ಪ್ರತಿ ಮೀನಿನ ಕುತ್ತಿಗೆಯನ್ನೂ ಮುರಿದು ಕೆಳಕ್ಕೆ ಬಗ್ಗಿಸಿ ಕೂರಿಸಿದ್ದರು. ಮಾಮಿ ಮರುಕದಿಂದ ನೋಡಿದರು. "ಪಾಪ, ಇದು ಸಹ ನಿನ್ನ ಬೈಕಿನಲ್ಲಿ ಕೂತ ಹಾಗೆ ಉಂಟು."

ಪಾಯ್ ಕಡೆಯ ತಿರುವುಗಳು

ಮರುದಿನ ಬೆಳಗ್ಗೆ ಮಾಮಿ ಕೋಣೆಯಿಂದ ಹೊರಬಂದಾಗ ನಾನು ಗುರುತು ಹಿಡಿಯಲಿಲ್ಲ. ಮಸ್ಕತ್ತಿನ ಮಗಳು ಎಂದೋ ಕೊಟ್ಟಿದ್ದ, ಕಪಾಟಿನಲ್ಲೇ ಇದ್ದ ನೀಲಿ ಚೂಡಿದಾರ, ಕಾಲಿಗೆ ಹರೀಶನ ಬೂಟು. ಎರಡೂ ಕಡೆ ಕಾಲು ಹಾಕಿ ಕುಳಿತು, "ಅಬ್ಬ, ಹೀಗೆ ಕೂರುವುದು ಇಷ್ಟು ಸುಖವಾ? ಇಷ್ಟು ವರ್ಷ ಯಾರೂ ಹೇಳಲಿಲ್ಲ" ಎಂದರು.

ಅಲ್ಲಿಂದ ಪಾಯ್ ಎಂಬ ಊರಿನವರೆಗೆ ರಸ್ತೆ ನೇರ ಹೋಗುವುದೆಂದರೇನೆಂದೇ ಮರೆತುಬಿಟ್ಟಿದೆ. ಒಂದು ತಿರುವಿನ ಬಾಲ ಇನ್ನೊಂದರ ಬಾಯಲ್ಲಿ. ಯಾರೂ ಹಾರನ್ ಹಾಕುವುದಿಲ್ಲವಾದ್ದರಿಂದ ಆ ಕೆಲಸವನ್ನು ಮಾಮಿ ವಹಿಸಿಕೊಂಡರು. ಪ್ರತಿ ತಿರುವಿನಲ್ಲಿಯೂ ನನ್ನ ಕಿವಿಯ ಹಿಂದೆ "ಪೋಂ! ಪೋಂ!" ಎದುರಿನಿಂದ ಬಂದ ಒಬ್ಬ ಅಜ್ಜ ಸ್ಕೂಟರ್ ನಿಲ್ಲಿಸಿ ನಮಗೆ ಕೈಮುಗಿದ. ಮಾಮಿಯೂ ಮುಗಿದರು, ಎರಡೂ ಕೈ ಬಿಟ್ಟು. ನಾನು ಕಿರುಚಿದೆ. ಇಬ್ಬರೂ ನಕ್ಕು ನಕ್ಕು ಮುಂದಿನ ತಿರುವು ಬಂದದ್ದೇ ತಿಳಿಯಲಿಲ್ಲ.

ಪಾಯ್‌ನಲ್ಲಿ ಉಳಿದು, ಮಾರನೆಯ ದಿನ ಮುಂದಕ್ಕೆ, ಮೇ ಹಾಂಗ್ ಸೋನ್ ಪಟ್ಟಣದ ಕಡೆಗೆ ಹೊರಟಾಗ ಅಂಗೈಯಲ್ಲಿ ಇರುವೆ ಓಡಿದ ಹಾಗಾಗುತ್ತಿತ್ತು. ಮಾಮಿಗೆ ಹೇಳಲಿಲ್ಲ. ಏರುವಾಗ ಹೇಗೋ ನಡೆಯಿತು. ಒಂದು ಉದ್ದದ ಇಳಿಜಾರಿನಲ್ಲಿ ನನ್ನ ಭಾರ, ಮಾಮಿಯ ಭಾರ, ಹಿಂದೆ ಕಟ್ಟಿದ ಚೀಲದ ಭಾರ ಎಲ್ಲವೂ ಸೇರಿ ಆ ಚಂದದ ಹ್ಯಾಂಡಲ್ಲಿನ ಮೇಲೆ, ಅಂದರೆ ನನ್ನ ಎರಡು ಮಣಿಕಟ್ಟುಗಳ ಮೇಲೆ ಕುಳಿತಿತು. ಕೆಳಗಿನ ತಿರುವಿನಲ್ಲಿ ಬ್ರೇಕು ಹಿಡಿಯಬೇಕೆಂದು ಮನಸ್ಸು ಹೇಳಿತು. ಬೆರಳುಗಳಿಗೆ ಆ ಮಾತು ತಲುಪಲೇ ಇಲ್ಲ.

ಕಾಲಿನ ಬ್ರೇಕನ್ನು ಒತ್ತಿದೆ. ಬೈಕು ನಿಧಾನವಾಯಿತು, ಆದರೆ ತಿರುಗಲಿಲ್ಲ. ರಸ್ತೆ ಎಡಕ್ಕೆ ಹೋಯಿತು. ನಾವು ನೇರ ಹೋದೆವು. ಒಂದು ಸಣ್ಣ ಕಟ್ಟೆ ದಾಟಿ, ಒಣಹುಲ್ಲು ಹಾಸಿದ ಗದ್ದೆಯೊಳಗೆ ಇಳಿದು, ಬೈಕು ಒಂದು ಬೇಲಿಗೂಟಕ್ಕೆ ಮೂತಿ ಬಡಿದು ಮಗ್ಗುಲಾಯಿತು. ಸುತ್ತೆಲ್ಲ ಘಾಟು ವಾಸನೆ. ಬೆಳ್ಳುಳ್ಳಿ ಗದ್ದೆ.

"ಮಾಮೀ!"

ಮಾಮಿ ನನ್ನ ಹಿಂದೆ ಹುಲ್ಲಿನ ಮೇಲೆ ನೆಟ್ಟಗೆ ಕುಳಿತಿದ್ದರು. ಹೆಲ್ಮೆಟ್ಟಿನೊಳಗಿಂದ ಎರಡು ಕಣ್ಣು. "ಇಳಿಯುವ ಜಾಗ ಬಂತಾ?" ಎಂದರು.

ನನಗೆ ನಗಲಾಗಲಿಲ್ಲ. ಅವರ ಕೈಕಾಲು, ಬೆನ್ನು ಮುಟ್ಟಿ ಮುಟ್ಟಿ ನೋಡಿದೆ. ಎಲ್ಲ ಸರಿ ಇತ್ತು, ಮೊಣಕೈಯ ತರಚೊಂದನ್ನು ಬಿಟ್ಟು. ಆಗ ನನಗೆ ಅಳು ಬಂತು. "ಕೈ ಹಿಡಿಯಲಿಲ್ಲ ಮಾಮಿ. ನಿಮಗೆ ಏನಾದರೂ ಆಗಿದ್ದರೆ ನಾನು ಮನೆಗೆ ಹೇಗೆ ಹೋಗುತ್ತಿದ್ದೆ? ಇವರು ಹೇಳಿದ್ದೇ ಸರಿ. ಇನ್ನು ಮುಟ್ಟುವುದಿಲ್ಲ."

ಮಾಮಿ ಹೆಲ್ಮೆಟ್ಟು ತೆಗೆದು, ಕೂದಲಿನಿಂದ ಒಂದೊಂದೇ ಹುಲ್ಲಿನ ಎಸಳು ಎಳೆದು ಹಾಕಿದರು. ಬಿದ್ದ ಬೈಕನ್ನು ನೋಡಿದರು. ಗೂಟಕ್ಕೆ ಬಡಿದ ಹ್ಯಾಂಡಲ್ ಒಂದು ಕಡೆಗೆ ಸೊಟ್ಟಗಾಗಿತ್ತು.

"ಬೀಳಿಸಿದ್ದು ನಿನ್ನ ಕೈ ಅಲ್ಲ," ಎಂದರು. "ಈ ಚಂದ. ನಾವಿಬ್ಬರೂ ಸೇರಿ ಆರಿಸಿದ್ದು. ಅಳುವುದಾದರೆ ಅರ್ಧ ನನಗೂ ಇಡು."

ದಾಮ್ ಮಾವನ ಅಂಗಳ

ಗದ್ದೆಯಲ್ಲಿದ್ದ ಹೆಂಗಸರು ಓಡಿ ಬಂದು ನಮ್ಮನ್ನು ಎಬ್ಬಿಸಿ, ನೀರು ಕುಡಿಸಿ, ತುಳಿದು ಹಾಳಾದ ಬೆಳ್ಳುಳ್ಳಿ ಸಾಲಿಗೆ "ಮೈ ಪೆನ್ ರೈ" ಎಂದರು. ಆಮೇಲೆ ಬೈಕನ್ನು ತಳ್ಳಿಕೊಂಡು ಕೆಳಗಿನ ಹಳ್ಳಿಯ ಗ್ಯಾರೇಜಿಗೆ ಕರೆದೊಯ್ದರು. ಅದರ ಯಜಮಾನರನ್ನು ಊರೆಲ್ಲ ದಾಮ್ ಮಾವ ಎಂಬರ್ಥದಲ್ಲಿ ಕರೆಯುತ್ತಿತ್ತು, ನಾವೂ ಹಾಗೇ ಕರೆದೆವು. ದೊಡ್ಡ ಹೊಟ್ಟೆ, ದೊಡ್ಡ ನಗು. ಅವರಿಗೆ ಥಾಯ್ ಬಿಟ್ಟು ಬೇರೆ ಬಾರದು. ಅವರು ನನ್ನ ಫೋನಿಗೆ ಹೇಳುವುದು, ಫೋನು ನಮಗೆ ಕನ್ನಡದಲ್ಲಿ ಹೇಳುವುದು ಎಂದಾಯಿತು.

ಅವರು ಹ್ಯಾಂಡಲ್ಲನ್ನು ತಟ್ಟಿ ನೋಡಿ ಏನೋ ಹೇಳಿದರು. ಫೋನು ಒಬ್ಬ ಗಂಭೀರ ಹೆಂಗಸಿನ ಧ್ವನಿಯಲ್ಲಿ ಘೋಷಿಸಿತು: "ಹಳೆಯದು ಬಾಗಿ ಹೋಗಿದೆ. ಇನ್ನು ನೆಟ್ಟಗಾಗುವುದಿಲ್ಲ. ಹಿಂದಿನದನ್ನು ಎಸೆದು ಹೊಸದು ತೆಗೆದುಕೊಳ್ಳಿ."

ಬೆಂಚಿನಲ್ಲಿ ಸೊಂಟ ಹಿಡಿದು ಬಾಗಿ ಕುಳಿತಿದ್ದ ಮಾಮಿ ತಲೆ ಎತ್ತಿದರು. "ನನಗಾ ಹೇಳಿದ್ದು ಅವರು?"

ಅಳು ಎಲ್ಲಿ ಹೋಯಿತೋ ಗೊತ್ತಿಲ್ಲ. ನಾನು ನೆಲದಲ್ಲೇ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾಮಿ ನಕ್ಕರು. ದಾಮ್ ಮಾವನಿಗೆ ಯಾಕೆಂದು ತಿಳಿಯದಿದ್ದರೂ ನಮಗಿಂತ ಜೋರಾಗಿ ನಕ್ಕರು.

ಅವರ ಶೆಡ್ಡಿನ ಹಿಂಬದಿಯಲ್ಲಿ ಹಳೆಯ ಹ್ಯಾಂಡಲ್ಲುಗಳ ಒಂದು ರಾಶಿ ಇತ್ತು. ಮಾಮಿಯ ಕಣ್ಣು ಬೆಳಗಿತು. ಅವರ ಅಪ್ಪ ಕೋಣ ಕೊಳ್ಳಲು ಹೋದರೆ ಮೊದಲು ಕೊಂಬು ನೋಡುತ್ತಿದ್ದರಂತೆ. ಮಾಮಿ ಚೂಡಿದಾರದ ತೋಳು ಮಡಚಿ ರಾಶಿಗೆ ಇಳಿದು ಎಲ್ಲಕ್ಕಿಂತ ಎತ್ತರದ್ದನ್ನು ಎಳೆದು ತಂದರು. "ಇದು! ಇದಕ್ಕೆ ಒಂದು ಗಾಂಭೀರ್ಯ ಉಂಟು."

ಹಾಕಿದ್ದಾಯಿತು. ಕುಳಿತರೆ ನನ್ನ ಕೈಗಳು ಬಟ್ಟೆ ಒಣಗಿಸುವ ಹಗ್ಗ ಹಿಡಿದ ಹಾಗೆ ಮೇಲೆ. ದಾಮ್ ಮಾವ ಏನೋ ಎಚ್ಚರಿಸುತ್ತಿದ್ದರು. ಫೋನು ಮಾಮಿಯ ಚೀಲದಲ್ಲಿತ್ತು. ನಾನು ಅಂಗಳದಲ್ಲಿ ಒಂದು ಸುತ್ತು ಹೊರಟೆ. ಎಡಕ್ಕೆ ತಿರುಗಿಸಿದೆ. ಹ್ಯಾಂಡಲ್ ಎತ್ತರವಾಯಿತು, ಆದರೆ ಕೇಬಲ್ ಉದ್ದವಾಗಿರಲಿಲ್ಲವಲ್ಲ! ತಿರುಗಿಸಿದಷ್ಟೂ ಆಕ್ಸಲರೇಟರ್ ಕೇಬಲ್ ತನ್ನಷ್ಟಕ್ಕೆ ಎಳೆದುಕೊಂಡು ಎಂಜಿನ್ ಬೊಬ್ಬೆ ಹೊಡೆಯಿತು. ಕೋಳಿಗಳು ದಿಕ್ಕುಪಾಲು. ನಾನು ಅಂಗಳದ ನಡುವಿನ ಪಪ್ಪಾಯಿ ಮರಕ್ಕೆ ಸುತ್ತು ಹಾಕುತ್ತಿದ್ದೆ, ಹಿಂದಿನಿಂದ ಮಾಮಿ ಕಂಬಳದ ಗದ್ದೆಯಲ್ಲಿ ಓಡುವವರ ಹಾಗೆ "ಹೋ! ಹೋ!" ಎನ್ನುತ್ತಾ ಬೆನ್ನಟ್ಟುತ್ತಿದ್ದರು. ಅಂತೂ ಕ್ಲಚ್ ಹಿಡಿದು ನಿಲ್ಲಿಸಿದೆ.

ಎರಡನೆಯದು ನಾನು ಆರಿಸಿದ್ದು. ಅಗಲ, ಕಪ್ಪು, ಬಹಳ ಸ್ಟೈಲು. ರೆಕ್ಕೆ ಬಿಚ್ಚಿದ ಗಿಡುಗನ ಹಾಗೆ ಕುಳಿತು ಗೇಟಿನಿಂದ ಹೊರಟವಳು ಗೇಟಿನಲ್ಲೇ ಉಳಿದೆ. ಎರಡು ತುದಿಯೂ ಎರಡು ಕಂಬಕ್ಕೆ. ಮುಂದೆ ಹೋಗುವಂತಿಲ್ಲ, ಹಿಂದೆ ಒಬ್ಬ ಗಿರಾಕಿ ಕಾಯುತ್ತಿದ್ದಾನೆ, ಹಾರನ್ ಮಾತ್ರ ಹಾಕುವುದಿಲ್ಲ ಪುಣ್ಯಾತ್ಮ.

ಮೂರನೆಯದು, ನಾಲ್ಕನೆಯದು. ಒಂದರಲ್ಲಿ ಮೊಣಕಾಲಿಗೆ ಬಡಿಯಿತು. ಇನ್ನೊಂದರಲ್ಲಿ ಅದೇ ಹಳೆಯ ಜೋಮಿನ ಇರುವೆಗಳು ಕುಳಿತ ಕೂಡಲೇ ಹೊರಟವು. ಬಿಸಿಲು ಇಳಿಯುತ್ತಿತ್ತು. ನನ್ನ ಉತ್ಸಾಹವೂ ಇಳಿಯಿತು. ನಗು ಎಷ್ಟು ಹೊತ್ತು? ನಾಳೆ ಆ ತಿರುವುಗಳಲ್ಲಿ ಮಾಮಿಯನ್ನು ಹಿಂದೆ ಕೂರಿಸಿಕೊಳ್ಳುವ ಧೈರ್ಯ ನನಗೆ ಎಲ್ಲಿಂದ ಬರಬೇಕು? "ಬಸ್ಸಿನಲ್ಲಿ ಹೋಗುವ ಮಾಮಿ," ಎಂದೆ.

ಆಗ ದಾಮ್ ಮಾವನ ಹೆಂಡತಿ ಒಳಗಿನಿಂದ ಚಹಾದ ಗ್ಲಾಸುಗಳ ತಟ್ಟೆ ತಂದು, ಬೆಂಚಿನಲ್ಲಿ ಸುಮ್ಮನೆ ಕುಳಿತಿದ್ದ ನನ್ನ ಕೈಗೆ ಕೊಟ್ಟು, ಹಾಲು ತರಲು ಹೋದರು. ನಾನು ಎರಡು ಕೈಯಲ್ಲಿ ತಟ್ಟೆ ಹಿಡಿದುಕೊಂಡು ಕುಳಿತಿದ್ದೆ.

"ಅಲುಗಾಡಬೇಡ!" ಎಂದು ಮಾಮಿ ಕೂಗಿದರು.

ಬೆನ್ನ ಮೇಲೆ ಹಲ್ಲಿ ಬಿತ್ತೇನೋ ಎಂದು ನಾನು ಕಲ್ಲಾದೆ.

"ನಿನ್ನ ಕೈ ನೋಡು. ಹೆಗಲು ಕೆಳಗೆ ಉಂಟು, ಮೊಣಕೈ ಮಡಚಿ ಉಂಟು, ಬೆನ್ನು ನೆಟ್ಟಗೆ ಉಂಟು. ತಟ್ಟೆಯ ಅಂಚು ಎಲ್ಲಿ ಉಂಟೋ ಅಲ್ಲಿಯೇ ಹ್ಯಾಂಡಲ್ ಬೇಕು. ಇಷ್ಟೇ ಅಲ್ವಾ? ಕೈಯನ್ನು ಹ್ಯಾಂಡಲ್ಲಿಗೆ ಕೊಂಡುಹೋಗಿ ಹೋಗಿ ಸತ್ತೆವು. ಹ್ಯಾಂಡಲ್ ಕೈಗೆ ಬರಲಿ."

ಮಾಮಿ ಅಭಿನಯಿಸಿಯೇ ತೋರಿಸಿದ್ದರಿಂದ ಫೋನು ಬೇಕಾಗಲಿಲ್ಲ. ದಾಮ್ ಮಾವ ತೊಡೆ ತಟ್ಟಿದರು. ನನ್ನನ್ನು ತಟ್ಟೆ ಸಮೇತ ಬೈಕಿನ ಮೇಲೆ ಕೂರಿಸಿದರು. ಚಹಾ ಚೆಲ್ಲದ ಹಾಗೆ ನಾನು ಉಸಿರು ಬಿಗಿಹಿಡಿದೆ. ಒಂದು ತುಂಡು ಹಗ್ಗದಿಂದ ನನ್ನ ಮುಷ್ಟಿಯಿಂದ ಮುಷ್ಟಿಗೆ, ಮುಷ್ಟಿಯಿಂದ ಬೈಕಿನ ಕುತ್ತಿಗೆಗೆ ಅಳೆದು, ರಾಶಿಯ ಅಡಿಯಿಂದ ಒಂದನ್ನು ಎಳೆದರು. ಹಾಲಿನವರ ಹಳೆಯ ಬೈಕಿನದ್ದರಂಥ ಹ್ಯಾಂಡಲ್. ಸ್ವಲ್ಪವೇ ಎತ್ತರ, ಎರಡು ತುದಿಗಳೂ ಸವಾರರ ಕಡೆಗೆ ಬಾಗಿ, "ಬಾ" ಎಂದು ಕರೆಯುವ ಹಾಗೆ. ಬ್ರೇಕು ಮತ್ತು ಕ್ಲಚ್ಚಿನ ಲಿವರುಗಳನ್ನು ನನ್ನ ಮೊಣಕೈಯಿಂದ ಬೆರಳಿನವರೆಗೆ ಒಂದೇ ಗೆರೆ ಬರುವ ಹಾಗೆ ಕೆಳಕ್ಕೆ ತಿರುಗಿಸಿ ಬಿಗಿದರು.

ಕುಳಿತು ಕಣ್ಣು ಮುಚ್ಚಿ ಕೈ ಎತ್ತಿದೆ. ಹ್ಯಾಂಡಲ್ ಅಲ್ಲಿಯೇ ಇತ್ತು.

"ಸಬಾಯ್?" ಎಂದರು ದಾಮ್ ಮಾವ. ಹಾಯಾಗಿದೆಯಾ ಎಂದು.

"ಸಬಾಯ್," ಎಂದೆ. ಕಣ್ಣು ತೆರೆದು ನೋಡಿದರೆ ಆ ಹಸಿರು ಬೈಕಿನ ಮೇಲೆ ಅದು ಬಿಡಿಸಿಟ್ಟ ಮೀಸೆಯ ಹಾಗೆ ಕಾಣುತ್ತಿತ್ತು. "ಆದರೆ ಮಾಮಿ, ಚಂದ ಇಲ್ಲ."

ಮಾಮಿ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ಸೊಂಟದ ಮೇಲೆ ಕೈ ಇಟ್ಟು ನೋಡಿದರು. "ಬೈಕು ಒಂದೇ ನಿಂತರೆ ಚಂದ ಇಲ್ಲ. ನೀನು ಕೂತರೆ ಉಂಟು. ನೀನು ಬೈಕಿನಲ್ಲಿ ಕುತ್ತಿಗೆ ಎತ್ತಿ ಕೂತದ್ದನ್ನು ನಾನು ಇವತ್ತೇ ನೋಡುವುದು."

ಮೇ ಹಾಂಗ್ ಸೋನ್

ಆ ರಾತ್ರಿ ದಾಮ್ ಮಾವನ ಮನೆಯವರು ನಮ್ಮನ್ನು ಹೋಗಲು ಬಿಡಲಿಲ್ಲ. ಅಂಟು ಅನ್ನವನ್ನು ಕೈಯಲ್ಲಿ ಉಂಡೆ ಮಾಡಿ ಚಟ್ನಿಗೆ ಅದ್ದಿ ತಿನ್ನುವುದನ್ನು ಮಾಮಿ ಅವರಿಗಿಂತ ಚುರುಕಾಗಿ ಮಾಡಿದರು. ಬೆಳಗ್ಗೆ ಹೊರಡುವಾಗ ದಾಮ್ ಮಾವನ ಹೆಂಡತಿ ಹೊಸ ಹ್ಯಾಂಡಲ್ಲಿಗೆ ಮಲ್ಲಿಗೆ ಮೊಗ್ಗಿನ ಹಾರ ಕಟ್ಟಿದರು. ಮಾಮಿ ಅದನ್ನು ಮುಟ್ಟಿ, ಮೂಸಿ, "ಪರಿಮಳ ಉಂಟು, ನಮ್ಮ ಶಂಕರಪುರ ಮಲ್ಲಿಗೆಯಷ್ಟು ಇಲ್ಲ" ಎಂದು ಕನ್ನಡದಲ್ಲಿ ಹೇಳಿ ನಗುಮುಖದಿಂದ ಕೈಮುಗಿದರು.

ಮೊದಲ ಇಳಿಜಾರು ಬಂದಾಗ ಹೆದರಿ ಗೇರು ಇಳಿಸಿದೆ. ಮಾಮಿಯ "ಪೋಂ" ಕೂಡ ಕೇಳಿಸಲಿಲ್ಲ, ಅವರೂ ಹೆದರಿದ್ದರು. ಬ್ರೇಕಿನ ಮೇಲೆ ಎರಡು ಬೆರಳು ಇಟ್ಟೆ. ಬೆರಳು ಕೇಳಿತು. ಇನ್ನೊಂದು ತಿರುವು. ಕೇಳಿತು. ಬೆನ್ನು ನೆಟ್ಟಗೆ ಇದ್ದುದರಿಂದ ಮೊದಲ ಬಾರಿಗೆ ರಸ್ತೆ ಬಿಟ್ಟು ಆಚೆಗೂ ಕಂಡಿತು: ಬೆಟ್ಟದ ಕೆಳಗೆ ಹತ್ತಿಯ ಹಾಗೆ ಹರಡಿದ ಮಂಜು, ಅದರೊಳಗಿಂದ ತಲೆ ಎತ್ತಿದ ಒಂದು ಗುಡಿಯ ತುದಿ. ನಾಲ್ಕನೆಯ ತಿರುವಿನಲ್ಲಿ ಕಿವಿಯ ಹಿಂದೆ ಸಣ್ಣದಾಗಿ "ಪೋಂ" ಎಂದಿತು. ಐದನೆಯದರಲ್ಲಿ ಕಿವಿ ಕಿವುಡಾಗುವಷ್ಟು.

ಮೇ ಹಾಂಗ್ ಸೋನ್ ಪಟ್ಟಣದ ನಡುವಿನ ಕೆರೆಯ ಪಕ್ಕ ಬೈಕು ನಿಲ್ಲಿಸಿ, ಬೆರಳುಗಳನ್ನು ಒಂದೊಂದಾಗಿ ಹೆಬ್ಬೆರಳಿಗೆ ಮುಟ್ಟಿಸಿ ನೋಡಿದೆ. ಎಲ್ಲ ನನ್ನವೇ. ಮಾಮಿ ಅದನ್ನು ನೋಡಿ, ನನ್ನ ಫೋನು ತೆಗೆದುಕೊಂಡು ಮಗನಿಗೆ ವಿಡಿಯೊ ಕಾಲ್ ಮಾಡಿದರು.

"ಅಮ್ಮಾ, ಏನೆಲ್ಲ ನೋಡಿದಿರಿ?"

"ಬೆಳ್ಳುಳ್ಳಿ ಗದ್ದೆ ನೋಡಿದೆವು. ಹತ್ತಿರದಿಂದ. ಹರೀಶ, ಪಡುಬಿದ್ರಿಯವರಿಗೆ ಫೋನು ಮಾಡಿ ಬರುವುದು ಬೇಡ ಅಂತ ಹೇಳು."

"ಅಮ್ಮಾ, ಮಾತು ಕೊಟ್ಟಾಗಿದೆ."

"ಮಾತು ಕೊಟ್ಟದ್ದು ನೀನು. ಬೈಕು ಅವಳದ್ದು."

ಪರದೆಯಲ್ಲಿ ಅವರ ಮುಖ ಹತ್ತಿರ ಬಂತು. ಆಮೇಲೆ ಹರೀಶ "ಅವಳ ಕೈ?" ಎಂದು ಕೇಳಿದರು. ಆ ಸ್ವರದಲ್ಲಿ ನಿಜವಾದ ಚಿಂತೆ ಇತ್ತು. ನಾನು ಕ್ಯಾಮೆರಾದ ಮುಂದೆ ಹತ್ತೂ ಬೆರಳು ಕುಣಿಸಿದೆ. ಅವರು ಉಳುಕಿದ ಪಾದ ಎತ್ತಿ ಅದರ ಬೆರಳು ಕುಣಿಸಿದರು.

ತಿರುಗಿ ಚಿಯಾಂಗ್ ಮೈ, ಆಮೇಲೆ ವಿಮಾನ ನಿಲ್ದಾಣ

ನೋಯಕ್ಕ ತನ್ನ ಚಂದದ ಬೈಕಿನ ಮೇಲೆ ಮೀಸೆ ನೋಡಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾನು ಸೊಟ್ಟಗಾದ ಹಳೆಯ ಹ್ಯಾಂಡಲ್ಲನ್ನು ತಪ್ಪಿತಸ್ಥಳ ಹಾಗೆ ಮುಂದಿಟ್ಟೆ. ಆಕೆ ಮೀಸೆಯ ಬೈಕಿನ ಮೇಲೆ ಕುಳಿತಳು. ಕಣ್ಣು ಮುಚ್ಚಿದಳು. "ಸಬಾಯ್!" ಎಂದಳು. ಇಳಿಯಲೇ ಇಲ್ಲ. ಇದು ಇಲ್ಲೇ ಇರಲಿ ಎಂದು ಸನ್ನೆ ಮಾಡಿದಳು.

ನನ್ನ ಮುಖ ಹೇಗಾಗಿತ್ತೋ. ಅದನ್ನು ಊರಿಗೆ ಒಯ್ಯುವ ಆಸೆ ಯಾರಿಗೂ ಹೇಳಿರಲಿಲ್ಲ, ಮಾಮಿಗೂ. ನೋಯಕ್ಕ ನನ್ನನ್ನೇ ನೋಡಿದಳು, ನನ್ನ ಮಣಿಕಟ್ಟು ಹಿಡಿದು ನೋಡಿದಳು, ನಿಟ್ಟುಸಿರು ಬಿಟ್ಟು ಸ್ಪ್ಯಾನರ್ ತಂದಳು. ಬಿಚ್ಚಿ ನನ್ನ ತೋಳಿನಲ್ಲಿ ಮಗುವಿನ ಹಾಗೆ ಇಟ್ಟಳು. "ಮೈ ಪೆನ್ ರೈ, ನೋಯಕ್ಕ ಅಲ್ಲಿಗೇ ಹೋಗಿ ಇನ್ನೊಂದು ತರುತ್ತಾಳೆ" ಎಂದಿತು ಫೋನು. ಮಾಮಿ ಆಕೆಯನ್ನು ಅಪ್ಪಿಕೊಂಡು ತನ್ನ ಬಳೆಗಳಲ್ಲಿ ಎರಡು ತೆಗೆದು ತೊಡಿಸಿದರು. ಗಾಜಿನವು, ಕಾಪುವಿನಲ್ಲಿ ಕೊಂಡದ್ದು.

ಹ್ಯಾಂಡಲ್ಲನ್ನು ಮಸ್ಕತ್ತಿನ ಚೂಡಿದಾರದ ಶಾಲಿನಲ್ಲಿ ಸುತ್ತಿ ದೊಡ್ಡ ಚೀಲದಲ್ಲಿ ಹಾಕಿದ್ದೆವು. ಬೆಂಗಳೂರಿನಲ್ಲಿ ಇಳಿದು ಹೊರಗೆ ಬರುವಾಗ ತಪಾಸಣೆಯ ಯಂತ್ರದ ಮುಂದಿದ್ದ ಅಧಿಕಾರಿ ಪರದೆಯನ್ನೇ ದಿಟ್ಟಿಸಿದರು. "ಏನಮ್ಮ ಇದು? ಕೊಂಬಿನ ಥರ ಕಾಣ್ತಿದೆ?"

"ಕೊಂಬೇ," ಎಂದರು ಮಾಮಿ, ನಾನು ಬಾಯಿ ತೆರೆಯುವ ಮೊದಲು. "ಇವಳ ಕೋಣದ್ದು."

ಅಧಿಕಾರಿ ಎದ್ದು ನಿಂತರು. ಚೀಲ ಬಿಚ್ಚಿಸಿದರು, ಶಾಲು ಬಿಚ್ಚಿದರು. ಹ್ಯಾಂಡಲ್ ಹೊರಬಂತು. ಅವರು ಅದನ್ನು ಎರಡು ಕೈಯಲ್ಲಿ ಹಿಡಿದು, ತಮಗೇ ಗೊತ್ತಿಲ್ಲದೆ ಬಲಗೈಯನ್ನು ಒಮ್ಮೆ ತಿರುಗಿಸಿದರು. ಮುಖ ಸಡಿಲವಾಯಿತು. "ಯಾವ ಬೈಕಿಗೆ?" ಎಂದು ಕೇಳಿದರು. ಹೇಳಿದೆ. ಅವರದ್ದೂ ಅದೇ ಬೈಕಂತೆ, ಬೆನ್ನು ನೋವಂತೆ, ಹೆಂಡತಿ ಮಾರಿಬಿಡಿ ಎನ್ನುತ್ತಾರಂತೆ. ಹಿಂದೆ ಸಾಲು ಬೆಳೆಯುತ್ತಿತ್ತು. ಮಾಮಿ ಅವರಿಗೆ ಚಹಾದ ತಟ್ಟೆ ಹಿಡಿಯುವ ಕ್ರಮವನ್ನು ಅಲ್ಲೇ ನಿಂತು ತೋರಿಸಿಕೊಟ್ಟರು.

ಕಾರ್ಕಳದ ದಾರಿ

ಉಡುಪಿಯ ಮೆಕ್ಯಾನಿಕ್ ಹ್ಯಾಂಡಲ್ ಹಾಕಿಕೊಟ್ಟು, "ಮೇಡಂ, ನಿಜ ಹೇಳುವುದಾದರೆ ಹಾಲಿನ ಕ್ಯಾನ್ ಒಂದು ಕಮ್ಮಿ ಉಂಟು" ಎಂದ. ಹರೀಶ ಕುಂಟುತ್ತಾ ಬಂದು ಬೈಕಿನ ಸುತ್ತ ಒಂದು ಸುತ್ತು ಹಾಕಿದರು. ಒಳಗೆ ಹೋಗಿ ಬಟ್ಟೆ ತಂದು ಕನ್ನಡಿ ಒರೆಸಿದರು.

ಭಾನುವಾರ ಬೆಳಗ್ಗೆ ನಾನು ಬೈಕು ಹೊರಗೆ ತಂದು ನಿಲ್ಲಿಸಿದ್ದೆ, ಒಬ್ಬಳೇ ಒಂದು ಸುತ್ತು ಹೋಗಿಬರುವ ಎಂದು. ಮನೆಯ ಬಾಗಿಲಲ್ಲಿ ಬೂಟಿನ ಸದ್ದಾಯಿತು. ನೀಲಿ ಚೂಡಿದಾರ, ಕೈಯಲ್ಲಿ ಹೆಲ್ಮೆಟ್ಟು. ಆ ಹೊತ್ತಿಗೆ ಸರಿಯಾಗಿ ನೆರೆಮನೆಯ ಜಲಜಕ್ಕ ಹಾಲಿನ ಪಾತ್ರೆ ಹಿಡಿದು ಗೇಟಿನ ಹತ್ತಿರ ಬಂದಿದ್ದರು. ಎದುರಿನ ಅಂಗಡಿಯ ಕಟ್ಟೆಯಲ್ಲಿ ಪೇಪರ್ ಓದುವವರು ಇದ್ದರು. ಅಲೆವೂರಿನಲ್ಲಿ ಭಾನುವಾರ ನೋಡುವ ಕಣ್ಣುಗಳಿಗೆ ಬರಗಾಲವೇ? ಮಾಮಿ ಯಾರ ಕಡೆಗೂ ನೋಡದೆ, ನನ್ನ ಹೆಗಲು ಹಿಡಿದು, ಕಾಲು ಎತ್ತಿ ಆಚೆ ಹಾಕಿ ಕುಳಿತರು. ಬೈಕಿನ ಹಿಂದಿನ ಸ್ಪ್ರಿಂಗು ಒಮ್ಮೆ ಇಳಿದು ಏರಿತು.

ಜಲಜಕ್ಕನ ಪಾತ್ರೆ ವಾಲಿತು. "ಎಲ್ಲಿಗೆ ಮಾರಾಯ್ರೆ, ಈ ವೇಷದಲ್ಲಿ?"

"ಗೊತ್ತಿಲ್ಲ," ಎಂದರು ಮಾಮಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಾ. "ಇವಳ ಕೈ ನೋಯುವವರೆಗೆ."

ನಾನು ಕ್ಲಚ್ ಬಿಟ್ಟೆ. ಮಣಿಪಾಲ ದಾಟಿತು, ಹಿರಿಯಡ್ಕ ಬಂತು, ಹೋಯಿತು. ಬೈಲೂರಿನ ತಿರುವಿನಲ್ಲಿ ಒಂದು ಎಕ್ಸ್‌ಪ್ರೆಸ್ ಬಸ್ಸು ಬೆನ್ನಿಗೆ ಬಂದು ಹಾರನ್ ಬಡಿದಾಗ ಮಾಮಿ ತಿರುಗಿ ಅದಕ್ಕಿಂತ ಜೋರಾಗಿ ಬಡಿದರು. ಯಾವ ಊರಿನಲ್ಲಿ ನನ್ನ ಬೆರಳುಗಳು ನನ್ನನ್ನು ಬಿಟ್ಟುಹೋಗುತ್ತಿದ್ದವೋ ಆ ಕಾರ್ಕಳವೂ ಬಂದು ಹಿಂದೆ ಉಳಿಯಿತು. ಬಜಗೋಳಿಯಲ್ಲಿ ಚಹಾಕ್ಕೆ ನಿಂತೆವು. ಮಾಮಿ ಗ್ಲಾಸು ಕೆಳಗಿಟ್ಟು, ನಾನು ಲ್ಯಾಬಿನಲ್ಲಿ ಬೇರೆಯವರ ಕೈ ಹಿಡಿಯುವ ಹಾಗೆ ನನ್ನ ಅಂಗೈ ತೆಗೆದುಕೊಂಡು, ಹೆಬ್ಬೆರಳಿನ ಬುಡದಿಂದ ಕಿರುಬೆರಳ ತುದಿಯವರೆಗೆ ಒತ್ತಿ ಒತ್ತಿ ನೋಡಿದರು.

"ಎಂತ?"

"ಎಂತದ್ದೂ ಇಲ್ಲ ಮಾಮಿ."

"ಹಾಗಾದರೆ ಏಳು," ಎಂದರು. ನನ್ನ ಚಹಾ ಇನ್ನೂ ಅರ್ಧ ಇತ್ತು.